ತುದಿ ಬದಲಿಸಿದ ಮಣಿ ಎಳೆ

ನಮ್ಮ ಸಿದ್ಧಕಟ್ಟೆಗೆ ಬಸ್ಸು ಬರಲು ಇನ್ನು ಹತ್ತೇ ನಿಮಿಷ. ಮಗಳು ಮೋಕ್ಷಿತಾ ಇವತ್ತು ಮೂಡುಬಿದಿರೆಯ ಕಾಲೇಜಿನಲ್ಲಿ, ಹಿಂದುಮುಂದು ಒಂದೇ ಆಗಿರುವ ಡಿಎನ್‌ಎ ತುಂಡನ್ನು, ಅಂದರೆ ಪಾಲಿಂಡ್ರೋಮನ್ನು, ಮಣಿಗಳಲ್ಲಿ ಮಾಡಿ ವಿವರಿಸಬೇಕು. ಹಸಿರು ಮಣಿಯಲ್ಲಿ ಶುರುವಾಗಿ ನೀಲಿ ಮಣಿಯಲ್ಲಿ ಮುಗಿಯುವ ಎಳೆ ಹಿಂದುಮುಂದು ಒಂದೇ ಆಗುವುದು ಹೇಗೆ ಎಂದು ಅವಳಿಗೇ ತಿಳಿದಿರಲಿಲ್ಲ. ಡಿಎನ್‌ಎಯ ಜೋಡಿ ಎಳೆಗಳಲ್ಲಿ ಒಂದನ್ನು ಪೋಣಿಸಿ, ಎರಡನೆಯದನ್ನು ನನಗೆ ಬಿಟ್ಟು ಸ್ನಾನಕ್ಕೆ ಹೋಗಿದ್ದಳು. ನೀರುದೋಸೆ ಹೊಯ್ಯುತ್ತಾ, ಎರಡು ಜಡೆಗೆ ಮಲ್ಲಿಗೆ ಕಟ್ಟುವಂತೆ, ಮೊದಲಿನ ಹಾಗೆಯೇ ಪೋಣಿಸಿಟ್ಟೆ: ಹಸಿರು, ಎರಡು ಕೆಂಪು, ಎರಡು ಹಳದಿ, ನೀಲಿ.

"ಎಂತ ಅಮ್ಮ ಇದು! ಹಸಿರಿನ ಎದುರು ನೀಲಿ, ಕೆಂಪಿನ ಎದುರು ಹಳದಿ ಬರಬೇಕು ಅಂತ ಹೇಳಿದ್ದೆನಲ್ಲ. ನಿನ್ನ ತಲೆಯಲ್ಲಿ ಬರೀ ಮಲ್ಲಿಗೆಯೇ ಉಂಟು!"

ಅವಳ ಕಣ್ಣು ತುಂಬಿತು. ಬಿಚ್ಚಿ ಪೋಣಿಸಲು ಹೊತ್ತಿರಲಿಲ್ಲ. ಗಾಬರಿಯಲ್ಲಿ ನಾನು ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಎಳೆಯನ್ನು ತುದಿ ಬದಲಿಸಿ ಇಟ್ಟು ನೋಡಿದೆ. ಹಸಿರಿನ ಎದುರು ನೀಲಿ ಬಂತು, ಕೆಂಪಿನ ಎದುರು ಹಳದಿ. ಒಂದೂ ತಪ್ಪಲಿಲ್ಲ.

ಮೋಕ್ಷಿತಾ ಬಗ್ಗಿ ಎರಡೂ ಎಳೆಗಳ ಮಣಿಗಳ ಮೇಲೆ ಬೆರಳಾಡಿಸಿದಳು. "ಅಮ್ಮ, ಎರಡೂ ಎಳೆ ಒಂದೇ! ಇದನ್ನು ಈ ತುದಿಯಿಂದ ಓದುವುದು, ಅದನ್ನು ಆ ತುದಿಯಿಂದ. ಆಗ ಎರಡೂ ಹಸಿರಿನಿಂದ ನೀಲಿಗೇ ಬರ್ತದೆ."

"ದೋಸೆ ತಿನ್ನು ಮಗಾ, ಬಸ್ಸು ಬರ್ತದೆ."

"ಬರಲಿ ಮಾರಾಯ್ತಿ. ಇನ್ನೊಮ್ಮೆ ತಿರುಗಿಸು, ನಿಧಾನ. ಸರ್‌ಗೆ ಹೀಗೇ ತೋರಿಸ್ತೇನೆ."