ತ್ರಾಸಿವೂಲೋಸನ ಹೆಸರು

"ಇದನ್ನ ಹಾಕಿದವನು ಕುಡಿದು ಹಾಕಿದಾನೆ," ಎಂದ ತ್ರಾಸಿವೂಲೋಸ್, ಕತ್ತು ಹಿಂದಕ್ಕೆ ಚಾಚಿ ಗುಮ್ಮಟದ ಒಳಮೈ ನೋಡುತ್ತ. "ಒಂದು ಹರಳಾದರೂ ಸಮ ಕೂತಿದೆಯಾ ನೋಡು. ಒಂದು ಆ ಕಡೆ ವಾಲಿದೆ, ಇನ್ನೊಂದು ಈ ಕಡೆ. ನಮ್ಮ ಹುಡುಗರು ಬಚ್ಚಲಿಗೆ ಹೀಗೆ ಹಾಕಿದ್ದರೆ ಕಿವಿ ಹಿಂಡಿ ಎಲ್ಲಾ ಕೀಳಿಸ್ತಿದ್ದೆ."

ಪಕ್ಕದಲ್ಲಿದ್ದ ತಂಗಿ ಪೊಲಿಕ್ಸೆನಿ ಅವಸರವಸರವಾಗಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಬಾಯಿ ಮುಚ್ಚು ಅಣ್ಣ. ಮೇಲಿರೋದು ಯೇಸುಸ್ವಾಮಿ."

"ಸ್ವಾಮಿಗೆ ನಾನೇನಂದೆ? ಮೇಸ್ತ್ರಿಗೆ ಅಂದೆ."

ಸೆರೆಸ್ ಊರಿನ ಅರ್ಧಕ್ಕರ್ಧ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿಸಿದವನು ತ್ರಾಸಿವೂಲೋಸ್. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಿದ್ದ, ನೋಡಿ ಮೂಗು ಮುರಿಯುತ್ತಿದ್ದ, ಆಮೇಲಷ್ಟೇ ಮನೆಯವರ ಮುಖ ನೋಡುತ್ತಿದ್ದದ್ದು. ಅಂಥವನಿಗೆ ಥೆಸಲೋನಿಕಿ ನಗರದ ಗುಡ್ಡದ ಮೇಲಿರುವ ಸಂತ ಮಾರಿನಾಳ ಚರ್ಚು ಹಿಡಿಸುವುದುಂಟೇ? ಬಿಜಾಂಟಿಯಮ್ಮಿನ ಚಕ್ರವರ್ತಿಗಳ ಕಾಲದ್ದಂತೆ, ಗೋಡೆ ತುಂಬ ಚಿನ್ನದ ಗಾಜಿನ ಹರಳಿನ ಮೊಸಾಯಿಕ್ ಅಂತೆ, ನೋಡಲು ಜರ್ಮನಿಯಿಂದ ಜನ ಬರುತ್ತಾರಂತೆ. ಬಂದಿದ್ದರು ಕೂಡ. ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು, ಬಾಯಿ ತೆರೆದುಕೊಂಡು, ಮೇಲೆ ನೋಡುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಚರ್ಚಿನ ಕಾವಲಿನ ಹೆಂಗಸು ಬರಿ ಭುಜದ ಹುಡುಗಿಯರಿಗೆ ಹಳೇ ಶಾಲು ಹೊದಿಸುತ್ತ, ಉರಿದು ಮುಗಿಯದ ಮೇಣದ ಬತ್ತಿಗಳನ್ನೇ ಕಿತ್ತು ಡಬ್ಬಿಗೆ ಎಸೆಯುತ್ತ ಓಡಾಡುತ್ತಿದ್ದಳು.

"ದೇವರಿಗೆ ಹಚ್ಚಿದ ಬತ್ತಿ ದೇವರು ನೋಡೋಕೆ ಮುಂಚೆನೇ ಕಸಕ್ಕೆ," ಎಂದ ಅವನು. "ಇಂಥ ಜಾಗ ಬೇಕಿತ್ತಾ? ನಮ್ಮೂರ ಚರ್ಚಿಗೇನು ದಾಡಿ ಬಂದಿತ್ತು?"

ಬೇಕಾಗಿದ್ದು ಬೀಗರಿಗೆ ಎಂಬುದು ಅವನ ಖಾತ್ರಿ. ಬೀಗ ಕ್ಲೆಯಾನ್ಥಿಸ್ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತನಾದವನು, ಸ್ಟಾರು ಹಾಕಿದ ಹೋಟೆಲಲ್ಲೇ ಕಾಫಿ ಕುಡಿಯುವವನು. ಮೊಮ್ಮಗನ ಜ್ಞಾನಸ್ನಾನಕ್ಕೂ ಹಾಗೇ ಸ್ಟಾರು ಹಾಕಿದ ಚರ್ಚನ್ನೇ ಹುಡುಕಿದ್ದಾನೆ, ಡೌಲು, ಬರೀ ಡೌಲು! ಇರಲಿ. ಡೌಲು ಅವರದಾದರೂ ಹೆಸರು ತನ್ನದು ತಾನೇ? ಇವತ್ತು ಈ ವಾಲಿದ ಹರಳುಗಳ ಕೆಳಗೆ, ಈ ಜರ್ಮನ್ನರ ಮುಂದೆ, ಪಾದ್ರಿಯ ಬಾಯಿಂದ ಮೂರು ಸಲ ಮೊಳಗುವುದು ತ್ರಾಸಿವೂಲೋಸ್ ಎಂಬ ಹೆಸರೇ. ಅದಕ್ಕಾಗಿ ಅವನು ಈ ಗುಡ್ಡ ಹತ್ತಿ ಬಂದದ್ದು.

ಮಗನಿಗೆ ಚೊಚ್ಚಲು ಗಂಡು ಹುಟ್ಟಿದರೆ ಅಪ್ಪನ ಅಪ್ಪನ ಹೆಸರು. ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ. ಅವನಿಗೂ ಅವನ ತಾತನ ಹೆಸರೇ, ಮಗ ಅರ್ಗಿರಿಸನಿಗೂ ತಾತನ, ಅಂದರೆ ತ್ರಾಸಿವೂಲೋಸನ ಅಪ್ಪನ, ಹೆಸರೇ. ಹಾಗಿದ್ದೂ ಒಳಗೊಂದು ಮುಳ್ಳು ಆಡುತ್ತಿತ್ತು. ಮಗು ಕೂರುವಂತಾಗಿದ್ದರೂ ಮನೆಯಲ್ಲಿ ಬರೀ 'ಪಾಪು' ಎನ್ನುತ್ತಿದ್ದರು. ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿಯುವ ಜ್ಞಾನತಾಯಿ ಹೇಳುವ ತನಕ ಹೆಸರು ಎತ್ತಬಾರದೆಂಬುದು ಪದ್ಧತಿಯೇ, ಆದರೂ ತಾತನ ಕಿವಿಯಲ್ಲಿ ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತಿತ್ತು? ಕೇಳಿದಾಗೆಲ್ಲ ಅರ್ಗಿರಿಸ್ "ಜ್ಞಾನತಾಯಿ ಹೇಳ್ತಾಳೆ, ಅವತ್ತೇ ಕೇಳು ಅಪ್ಪ" ಎಂದು ಜಾರಿಕೊಳ್ಳುತ್ತಿದ್ದ. ಸೊಸೆ ದಾನಾಯಿಯಂತೂ ಒಮ್ಮೆ ಫೋನಿನಲ್ಲಿ ಗೆಳತಿಗೆ, "ಅಷ್ಟುದ್ದ ಹೆಸರು ಕೂಗೋ ಹೊತ್ತಿಗೆ ಮಗು ರಸ್ತೆ ದಾಟಿರುತ್ತೆ" ಎಂದು ನಕ್ಕದ್ದನ್ನು ಅವನು ಕೇಳಿಸಿಕೊಂಡಿದ್ದ. ಮ್ಯಾನೇಜರ್ ಬೀಗನಿಗೋ ಗಂಡುಮಕ್ಕಳಿಲ್ಲ, ಹೆಸರು ಮುಂದೆ ಹೋಗಲು ಇದೊಂದೇ ದಾರಿ. ಎಲ್ಲಿ 'ಕ್ಲೆಯಾನ್ಥಿಸ್' ಎಂದುಬಿಡುತ್ತಾರೋ!

ಛೆ, ಅಷ್ಟು ಧೈರ್ಯ ಯಾರಿಗಿದೆ? ಅವನು ಆಗಲೇ ಸೆರೆಸಿನ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಬರೀ ಹೇಳಿದ್ದಲ್ಲ, "ಚಿಕ್ಕ ತ್ರಾಸಿವೂಲೋಸನ ಲೆಕ್ಕಕ್ಕೆ" ಎಂದು ಕೂತವರಿಗೆಲ್ಲ ಸಿಪೂರೋ ಸಾರಾಯಿ ಕುಡಿಸಿ, ಸುಟ್ಟ ಆಕ್ಟೋಪಸ್ ತಿನ್ನಿಸಿದ್ದ. ಜ್ಞಾನಸ್ನಾನಕ್ಕೆ ಮುಂಚೆ ಹೆಸರಿನ ಪಾರ್ಟಿ ಕೊಟ್ಟವರನ್ನು ಆ ಊರು ನೋಡಿರಲಿಲ್ಲ. ಅಂಗಡಿಯವನೇ "ಮಗುವಿನ ತಲೆಗೆ ನೀರು ಬೀಳಲಿ ಇರಪ್ಪ" ಎಂದಿದ್ದ. ಅವನ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ?

"ಬನ್ನಿ ಬೀಗರೇ, ಬನ್ನಿ!" ಕ್ಲೆಯಾನ್ಥಿಸ್ ಎರಡೂ ಕೈ ಚಾಚಿಕೊಂಡು ಬಂದ. ತಿಳಿನೀಲಿ ಸೂಟು, ಜೇಬಿನಿಂದ ಇಣುಕುವ ಕರವಸ್ತ್ರದ ತುದಿ. "ನೋಡಿದ್ರಾ ಮೇಲೆ? ಆ ದೇವದೂತರ ರೆಕ್ಕೆ ನೋಡಿ. ಒಂದೇ ಹಸಿರಲ್ಲಿ ಎಷ್ಟು ಹಸಿರು!"

"ನೋಡಿದೆ. ಒಬ್ಬ ದೇವದೂತನಿಗೆ ಕಾಲೇ ಇಲ್ಲ. ಗಾರೆ ಉದುರಿದೆ. ಇಷ್ಟು ಜನ ಬಂದು ಹೋಗೋ ಜಾಗ, ಒಂದು ರಿಪೇರಿ ಬೇಡ್ವಾ?"

"ಅದನ್ನ ಹಾಗೇ ಬಿಡ್ತಾರೆ ಬೀಗರೇ. ಉಳಿದದ್ದು ಹೋದರೂ ಹೊಸದು ಸೇರಿಸಲ್ಲ."

"ಅನುಕೂಲ. ನಾನೂ ನನ್ನ ಗಿರಾಕಿಗಳಿಗೆ ಹಾಗೇ ಹೇಳಿದ್ದರೆ ಇಷ್ಟು ಹೊತ್ತಿಗೆ ಜೈಲಲ್ಲಿರ್ತಿದ್ದೆ. ಹೋಗಲಿ ಬಿಡಿ, ನಿಮಗೆ ಹತ್ತು ಜನ ನೋಡೋ ಜಾಗ ಬೇಕಿತ್ತು, ಸಿಕ್ಕಿತಲ್ಲ."

ಬೀಗ ಹುಬ್ಬೇರಿಸಿದ. "ನಮಗಾ? ಅಯ್ಯೋ, ನಮ್ಮ ಬೀದಿ ಚರ್ಚಲ್ಲಿ ಮಾಡಿ ಮುಗಿಸೋಣ ಅಂತ ನಾನೂ ನಮ್ಮವಳೂ ಬಾಯಿ ಬಡ್ಕೊಂಡ್ವಿ. ಇಲ್ಲಿ ಗಾಡಿ ನಿಲ್ಲಿಸೋಕೂ ಜಾಗ ಇಲ್ಲ. ಇಲ್ಲೇ ಆಗಬೇಕು ಅಂತ ಹಠ ಹಿಡಿದದ್ದು ನಿಮ್ಮ ಅರ್ಗಿರಿಸ್."

ಬೀಗ ಇನ್ನಾರಿಗೋ ಕೈ ಚಾಚಿಕೊಂಡು ಹೋದ ಮೇಲೆ ತ್ರಾಸಿವೂಲೋಸ್ ತಂಗಿಯ ಕಡೆ ತಿರುಗಿದ. "ಕೇಳಿದೆಯಾ? ಅರ್ಗಿರಿಸನಂತೆ! ಅವನಿಗೇನು ಬಂತು ಈ ಗಾಜಿನ ಹುಚ್ಚು?"

ಗೋಡೆಯ ಮೇಲೆ ಮಗುವಿಗೆ ನೀರೆರೆಯುತ್ತಿದ್ದ ಇಬ್ಬರು ಸೂಲಗಿತ್ತಿಯರ ಚಿತ್ರವಿತ್ತು. ಪೊಲಿಕ್ಸೆನಿ ಅದನ್ನೇ ನೋಡುತ್ತಿದ್ದಳು.

"ಅತ್ತಿಗೆ ಪ್ರತಿ ವರ್ಷ ಕೇಳ್ತಿದ್ದಳಲ್ಲ," ಎಂದಳು. "ನಮ್ಮ ಪಾದ್ರಿ ಬಸ್ಸು ಮಾಡ್ಕೊಂಡು ಹೆಂಗಸರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬರೋರಲ್ಲ, ಆಗ. ನಾವೆಲ್ಲ ಬಂದ್ವಿ. ಕ್ರಿಸಾಂಥಿ ಅತ್ತಿಗೆ ಒಬ್ಬಳೇ ಬರಲಿಲ್ಲ."

"ಬಂದಿದ್ದರೆ ಅವತ್ತು ಅಡುಗೆ ಯಾರು ಮಾಡ್ತಿದ್ದರು?"

"ಅವತ್ತೂ ನೀನು ಇದನ್ನೇ ಅಂದೆ. 'ಗೋಡೆಗೆ ಅಂಟಿಸಿದ ಹರಳು ನೋಡೋಕೆ ಬಸ್ಸು ಬೇರೆ, ನಮ್ಮ ಗೋಡೌನಿಗೆ ಹೋಗಿ ನೋಡು' ಅಂದೆ. ನಾನು ವಾಪಸ್ಸು ಬಂದಾಗ ಪಾತ್ರೆ ತೊಳೀತಾ ಎಲ್ಲಾ ಎರಡೆರಡು ಸಲ ಹೇಳಿಸಿಕೊಂಡಳು. ರೆಕ್ಕೆ ಯಾವ ಬಣ್ಣ, ಮಾತೆಯ ಸೆರಗು ಯಾವ ಬಣ್ಣ... ಪಾಪ, ಅರ್ಗಿರಿಸ್ ಆಗ ಹುಡುಗ, ಅಲ್ಲೇ ಕೂತು ಸ್ಕೂಲಿನ ಪಾಠ ಬರೀತಿದ್ದ, ಕೇಳಿಸ್ಕೊಂಡಿರ್ತಾನೆ."

"ಸತ್ತು ಎರಡು ವರ್ಷ ಆಯ್ತು, ಇನ್ನೂ ಅವಳದೇ ಪುರಾಣ." ತ್ರಾಸಿವೂಲೋಸ್ ಕೈ ಕೊಡವಿದ. ಹೆಂಡತಿ ಕೆಟ್ಟವಳೆಂದು ಅವನು ಯಾವತ್ತೂ ಹೇಳಿದವನಲ್ಲ. ಹೇಳುವಷ್ಟು ಗಮನಿಸಿಯೂ ಇರಲಿಲ್ಲ. ಅನ್ನ ಬಿಸಿಯಾಗಿರುತ್ತಿತ್ತು, ಅಂಗಿ ಇಸ್ತ್ರಿಯಾಗಿರುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಮುಖಮಂಟಪದಿಂದ ಪಾದ್ರಿಯ ರಾಗ ಎದ್ದಿತು. ಜ್ಞಾನತಾಯಿಯಾಗಿ ನಿಂತ ಮಿರ್ಸಿನಿ, ಸೊಸೆಯ ಕಾಲೇಜು ಗೆಳತಿ, ಮಗುವನ್ನೆತ್ತಿಕೊಂಡು ಪಶ್ಚಿಮಕ್ಕೆ ಮುಖ ಮಾಡಿದ್ದಳು. ಬೀಗನ ಮುಖ ಚೆನ್ನಾಗಿ ಕಾಣಲೆಂದು ತ್ರಾಸಿವೂಲೋಸ್ ಜನರನ್ನು ನೂಕಿಕೊಂಡು ಹೋಗಿ ಅದೇ ಪಶ್ಚಿಮದ ಬಾಗಿಲ ಹತ್ತಿರ, ಅವಳೆದುರಿಗೇ ನಿಂತ.

"ಸೈತಾನನನ್ನು ತೊರೆದೆಯಾ?" ಎಂದ ಪಾದ್ರಿ.

"ತೊರೆದೆ," ಎಂದಳು ಮಿರ್ಸಿನಿ. ಮೂರು ಸಲ ಕೇಳಿದ, ಮೂರು ಸಲವೂ ತೊರೆದಳು.

"ಹಾಗಾದರೆ ಊದಿ ಅವನ ಮೇಲೆ ಉಗುಳು."

"ಅಣ್ಣ, ಈ ಕಡೆ ಬಾರೋ!" ಪೊಲಿಕ್ಸೆನಿ ಅವನ ತೋಳು ಹಿಡಿದು ಎಳೆದಳು. "ಸೈತಾನನ ಜಾಗದಲ್ಲಿ ನಿಂತಿದೀಯ!"

ಅವನು ಸರಿಯುವ ಹೊತ್ತಿಗೆ ಮಿರ್ಸಿನಿ ಥೂ ಥೂ ಥೂ ಎಂದಾಗಿತ್ತು. ಒಣ ಉಗುಳೇ, ಆದರೂ ನಾಲ್ಕು ಜನ ಕಿಸಕ್ಕೆಂದರು, ಒಬ್ಬ ಜರ್ಮನ್ ಫೋಟೋ ತೆಗೆದ. ತ್ರಾಸಿವೂಲೋಸ್ ಕೋಟು ಕೊಡವಿಕೊಂಡ. ಉಗಿಯಲಿ. ಇನ್ನು ಸ್ವಲ್ಪ ಹೊತ್ತಿಗೆ ಇದೇ ಬಾಯಿ ತನ್ನ ಹೆಸರು ಹೇಳಬೇಕಲ್ಲ.

ಎಲ್ಲರೂ ಒಳಗೆ ಬಂದು ತಾಮ್ರದ ದೊಡ್ಡ ಕೊಳಗದ ಸುತ್ತ ನಿಂತರು. ನೀರಿನಿಂದ ಹಬೆ ಏಳುತ್ತಿತ್ತು. ಪಾದ್ರಿ ತೋಳು ಮೇಲೇರಿಸಿ, ಬೆತ್ತಲೆ ಮಗುವಿಗೆ ಎಣ್ಣೆ ಸವರಿ, ಕಂಕುಳಿಗೆ ಕೈ ಕೊಟ್ಟು ಎತ್ತಿದ. ಮಗು ಚರ್ಚು ಕಿತ್ತುಹೋಗುವಂತೆ ಅಳತೊಡಗಿತು. ದನಿ ಕೇಳಿದರೆ ಗೊತ್ತಾಗುವುದಿಲ್ಲವೇ ಯಾರ ವಂಶ ಅಂತ, ಎಂದು ತ್ರಾಸಿವೂಲೋಸ್ ಹಿಗ್ಗಿದ. ಬೀಗನ ಕಡೆ ನೋಡಿ ಮೀಸೆಯ ಮೇಲೆ ಕೈಯಾಡಿಸಿದ.

"ದೇವರ ದಾಸನಾದ..." ಎಂದು ಪಾದ್ರಿ ತಡೆದು ಮಿರ್ಸಿನಿಯನ್ನು ನೋಡಿದ.

"ಕ್ರಿಸಾಂಥೋಸ್!" ಎಂದಳು ಅವಳು, ಹಿಂದಿನ ಸಾಲಿಗೂ ಕೇಳುವಂತೆ.

"ದೇವರ ದಾಸನಾದ ಕ್ರಿಸಾಂಥೋಸ್ ತಂದೆಯ ಹೆಸರಿನಲ್ಲಿ..." ಮಗು ನೀರಿನಲ್ಲಿ ಮುಳುಗಿ ಎದ್ದಿತು. "ಮಗನ ಹೆಸರಿನಲ್ಲಿ..." ಮತ್ತೊಮ್ಮೆ. "ಪವಿತ್ರಾತ್ಮನ ಹೆಸರಿನಲ್ಲಿ..."

ಪೊಲಿಕ್ಸೆನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು. ಕ್ರಿಸಾಂಥಿ ಎಂಬುದನ್ನು ಗಂಡುಮಗುವಿಗಿಟ್ಟರೆ ಕ್ರಿಸಾಂಥೋಸ್. ಅಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ತ್ರಾಸಿವೂಲೋಸನ ಕಿವಿ ಕಾದ ಕಾವಲಿಯಾಯಿತು. ಬೀಗನ ಹೆಸರಿಟ್ಟಿದ್ದರೆ ಏನು ಮಾಡಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದ: ಕೂಗಾಡಿ, ಪಾದ್ರಿಯ ಮುಂದೆಯೇ ಉಗಿದು, ಊಟಕ್ಕೆ ನಿಲ್ಲದೆ ಬಸ್ಸು ಹತ್ತಿ, ಕಾಫಿ ಅಂಗಡಿಯಲ್ಲಿ ಬೀಗರ ಮಾನ ಹರಾಜು ಹಾಕುವುದು. ಎಲ್ಲಾ ತಯಾರಿತ್ತು. ಆದರೆ ಸತ್ತ ಹೆಂಡತಿಯ ಹೆಸರಿಟ್ಟರು ಎಂದು ಯಾರ ಮುಂದೆ ಕೂಗಾಡುವುದು? ಕೇಳಿದವರು ಎಂಥ ಬಂಗಾರದ ಮಗ ಎನ್ನುತ್ತಾರೆ. ಥೂ ಇವನ, ಜಗಳವಾಡಲೂ ಜಾಗ ಬಿಟ್ಟಿರಲಿಲ್ಲ.

"ಬಾಳಲಿ ಬೀಗರೇ, ಮೊಮ್ಮಗ ನೂರು ವರ್ಷ ಬಾಳಲಿ!" ಕ್ಲೆಯಾನ್ಥಿಸ್ ಬಂದು ತಬ್ಬಿಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು. "ನನ್ನದೂ ಇಲ್ಲ, ನಿಮ್ಮದೂ ಇಲ್ಲ. ಹೋದವರಿಗೆ ಮೊದಲ ಮರ್ಯಾದೆ. ಎಷ್ಟು ಒಳ್ಳೆ ಕೆಲಸ ಮಾಡಿದ ನಿಮ್ಮ ಮಗ!" ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಅವನ ಕೈ ಕುಲುಕುವವರೇ. ಹೆಂಡತಿಯನ್ನು ಎಷ್ಟು ಪ್ರೀತಿಸುತ್ತಿದ್ದನೋ ಎಂಬಂತೆ ಒಬ್ಬ ಮುದುಕಿ ಅವನ ಕೆನ್ನೆ ಸವರಿ ಹೋದಳು.

ಗದ್ದಲ ಸ್ವಲ್ಪ ಕರಗಿದಾಗ ಅವನು ಕಂಬದ ಮರೆಯಲ್ಲಿ ಮಗನನ್ನು ತಡೆದ. "ನಾನಿನ್ನೂ ಸತ್ತಿಲ್ಲ ಕಣೋ."

"ಗೊತ್ತು ಅಪ್ಪ."

"ಊರಿಗೆಲ್ಲ ಹೇಳಿದೀನಿ. ಕುಡಿಸಿದೀನಿ. ಯಾವ ಮುಖ ಇಟ್ಕೊಂಡು ಹೋಗಲಿ?"

"ನಿನ್ನ ಹೆಸರು ನಿನ್ನ ಹತ್ರಾನೇ ಇದೆಯಲ್ಲ ಅಪ್ಪ," ಎಂದ ಅರ್ಗಿರಿಸ್. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೆಟ್ಟದಾಗಿ ಹಾಕಿದ ನೆಲವನ್ನು ನೋಡುವಾಗ ತ್ರಾಸಿವೂಲೋಸನ ಮುಖ ಹೇಗಾಗುತ್ತಿತ್ತೋ, ಮಗನ ಮುಖ ಹಾಗಿತ್ತು.

ದಾನಾಯಿ ಬಿಳಿ ಬಟ್ಟೆ ತೊಡಿಸಿದ ಮಗುವನ್ನು ತಂದಳು. ಅದಿನ್ನೂ ಬಿಕ್ಕುತ್ತಿತ್ತು. "ಮಾವ, ಸ್ವಲ್ಪ ಎತ್ಕೊಳ್ಳಿ. ಯಾರು ಕರೆದರೂ ಸುಮ್ಮನಾಗ್ತಿಲ್ಲ. ಹೆಸರು ಹಿಡಿದು ಕರೀರಿ, ನಿಮ್ಮ ದನಿ ಗುರುತಿದೆ ಅವನಿಗೆ." ಮಗುವನ್ನು ಅವನ ತೋಳಿಗೆ ಹಾಕಿಯೇಬಿಟ್ಟಳು.

ಮಗು ಅವನ ಎದೆಗೆ ಒದ್ದೆ ತಲೆ ಉಜ್ಜಿತು. ತ್ರಾಸಿವೂಲೋಸ್ ಬಾಯಿ ತೆರೆದ. ನಾಲಗೆ ಹೊರಳಲಿಲ್ಲ. ಹೆಂಡತಿಯ ಹೆಸರನ್ನು ಮದುವೆಯ ದಿನ ಪಾದ್ರಿ ಹೇಳಿಸಿರಬೇಕು, ಅಥವಾ ಪಾದ್ರಿಯೇ ಹೇಳಿದ್ದನೋ, ನೆನಪಾಗಲಿಲ್ಲ. ಆಮೇಲೆ ಅಡುಗೆಮನೆಯಿಂದ ಅವಳನ್ನು ಕರೆಯಲು, ಅಂಗಿ ಕೇಳಲು, ಬಾಗಿಲು ತೆಗೆಸಲು, ಆಸ್ಪತ್ರೆಯ ಮಂಚದ ಪಕ್ಕ ನಿಂತು ನೀರು ಬೇಕಾ ಎಂದು ಕೇಳಲು ಕೂಡ ಒಂದೇ ಒಂದು ಅಕ್ಷರ ಸಾಕಾಗಿತ್ತು.

"ಏಯ್," ಎಂದ ಅವನು.

ಮಗು ಅಳುತ್ತಲೇ ಇತ್ತು.

"ಹೆಸರು, ಮಾವ," ಎಂದು ದಾನಾಯಿ ನಕ್ಕಳು. ಅರ್ಗಿರಿಸ್ ನಗಲಿಲ್ಲ, ಕಾಯುತ್ತ ನಿಂತಿದ್ದ.

"ಏಯ್," ಎಂದ ಇನ್ನೊಮ್ಮೆ, ಈ ಸಲ ಮೆಲ್ಲಗೆ.

ಅರ್ಗಿರಿಸ್ ಮುಂದೆ ಬಂದು ಮಗುವನ್ನು ತೆಗೆದುಕೊಂಡ. "ಬಾರೋ ಕ್ರಿಸಾಂಥೋಸ್," ಎನ್ನುತ್ತ ಅದನ್ನು ಹೆಗಲಿಗೇರಿಸಿಕೊಂಡು ದೀಪಗಳ ಕಡೆ ಹೊರಟ. ಎರಡು ಹೆಜ್ಜೆ ಹೋಗುವುದರೊಳಗೆ ಅಳು ನಿಂತಿತು.

ಮುದುಕನ ಕರಿ ಕೋಟಿನ ಎದೆಯ ಮೇಲೆ ಮಗುವಿನ ತಲೆಯಷ್ಟಗಲ ಎಣ್ಣೆಯ ಕಲೆ ಬಿದ್ದಿತ್ತು. ಅವನು ಜೇಬಿನಿಂದ ಕರವಸ್ತ್ರ ತೆಗೆದು ಉಜ್ಜತೊಡಗಿದ. ಉಜ್ಜಿದಷ್ಟೂ ಕಲೆ ಹರಡಿತು.

"ಬಿಡು ಅಣ್ಣ," ಎಂದಳು ಪೊಲಿಕ್ಸೆನಿ, ಮೂಗು ಒರೆಸಿಕೊಳ್ಳುತ್ತ. "ಅದು ಹೋಗಲ್ಲ."

ಅವನು ಉಜ್ಜುತ್ತಲೇ ನಿಂತಿದ್ದ.