ಒಂದು ಸಲ ಊದಿದರೆ ನಿಲ್ಲಬೇಕು

ನಾನು ಒಂದು ಕಂಡಕ್ಟರ್ ಸೀಟಿ. ಯಾವುದೋ ಊರಿನ ಕಾರ್ಖಾನೆಯಲ್ಲಿ ಹಿತ್ತಾಳೆ ತಗಡು ಬಾಗಿಸಿ, ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಕಾರ್ಕಿನ ಗುಂಡೊಂದನ್ನು ಹಾಕಿ ಮುಚ್ಚಿದರು. ಆ ಗುಂಡೇ ನನ್ನ ದನಿ. ಎಂಜಲು ಕುಡಿದು ಅದು ಉಬ್ಬಿದ ದಿನ ಉಸಿರು ಹೊರಬರಲು ಒದ್ದಾಡುತ್ತಿತ್ತು.

ಗದಗ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ ಕಂಡಕ್ಟರ್ ಶೇಖಪ್ಪ ಹಡಪದ ನನ್ನನ್ನು ಕೊಂಡ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ನನ್ನ ವಿದ್ಯೆ ಅಷ್ಟೇ. ಡ್ರೈವರ್ ಮೌಲಾಸಾಬ ಹದಿನಾಲ್ಕು ವರ್ಷ ನನ್ನ ಮಾತನ್ನು ಒಮ್ಮೆಯೂ ಮೀರಲಿಲ್ಲ.

ಅವನಿಗೆ ಐವತ್ತೇಳು ತುಂಬಿದ ವರ್ಷ ನನಗೆ ಸುಳ್ಳು ಹೇಳುವ ಕೆಲಸ ಬಂತು. ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ಮೌಲಾಸಾಬ ಕನ್ನಡಿಯಲ್ಲಿ ಶೇಖಪ್ಪನ ಮುಖ ನೋಡುತ್ತಿದ್ದ. ಶೇಖಪ್ಪ ನನ್ನನ್ನು ಊದಿ, "ಟಾಯರ್ ನೋಡಬೇಕ್ರೀ" ಎನ್ನುತ್ತಿದ್ದ. ಮೌಲಾಸಾಬ ಜಾಲಿಗಿಡದ ಮರೆಗೆ ಹೋಗಿ, ಬಹಳ ಹೊತ್ತು ನಿಂತು, ಹನಿಹನಿಯಾಗಿ ಇಳಿಸಿ, ಹಲ್ಲು ಕಚ್ಚಿಕೊಂಡು ಬರುತ್ತಿದ್ದ.

"ಈ ಬಸ್ಸಿಗೆ ಗಿಡಕ್ಕೊಂದು ಸ್ಟಾಪ್ ಕೊಟ್ಟಾರೇನಪಾ?" ಎಂದು ಹಿಂದೆ ಕುಂತವರು ನಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು, ನಗುವವರ ಮೇಲಷ್ಟೇ ಅಲ್ಲ. ಸಕ್ಕರೆ ಕಾಯಿಲೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಗಂಡಸರು, ರೋಗ ಸೊಂಟದ ಕೆಳಗಿಳಿದರೆ ಜೀವ ಹೋದರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಪರದೆ ಹಿಡಿದದ್ದು ನಾನೇ.

ಒಂದು ದಿನ ಮೌಲಾಸಾಬನ ಮೂತ್ರದಲ್ಲಿ ರಕ್ತ ಬಂತು. ಶೇಖಪ್ಪ ರಜೆ ಹಾಕಿಸಿ ಅವನನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಎಳೆದೊಯ್ದ.

"ವಯಸ್ಸಾದ್ರ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗೂದು ಸಹಜ. ಬರೇ ಅದೋ, ಕ್ಯಾನ್ಸರೋ ಗೊತ್ತಾಗಬೇಕಲ್ರೀ. ರಕ್ತದಾಗ ಆ ಗ್ರಂಥಿಯಿಂದ ಬರೂ ಪಿಎಸ್‌ಎ ನೋಡೋಣು, ಹಿಂದಿನಿಂದ ಬೆರಳು ಹಾಕಿನೂ ನೋಡಬೇಕು" ಎಂದರು ಡಾಕ್ಟರು.

ಮೌಲಾಸಾಬ ಎದ್ದೇಬಿಟ್ಟ. "ಮೂವತ್ತು ವರ್ಷ ಸ್ಟೇರಿಂಗ್ ಹಿಡದೀನಿ ಶೇಖ್ಯಾ. ಈ ಮರ್ಯಾದಿಗೇಡಿ ಕೆಲಸ ನನಗ ಬ್ಯಾಡ."

"ಒಂದು ನಿಮಿಷದ್ದು ಮೌಲಣ್ಣ. ಕುಂದ್ರು."

ಅವನು ಬಾಗಿಲು ದಾಟಿ ವರಾಂಡದಲ್ಲಿ ಬಿರಬಿರನೆ ನಡೆದ. ಶೇಖಪ್ಪನ ಕೈ ಜೇಬಿಗಿಳಿಯಿತು. ಆಸ್ಪತ್ರೆ ಎಂಬುದನ್ನೂ ಲೆಕ್ಕಿಸದೆ ನನ್ನನ್ನು ಒಂದೇ ಸಲ, ಉದ್ದಕ್ಕೆ ಊದಿದ.

ಮೌಲಾಸಾಬನ ಬಲಗಾಲು ಬ್ರೇಕು ತುಳಿದಂತೆ ನೆಲ ಒತ್ತಿ ನಿಂತಿತು.

ನರ್ಸು ಬೈದಳು. ಮೊದಲು ನಕ್ಕವನು ಮೌಲಾಸಾಬನೇ. "ಡಬಲ್ ಹೊಡಿಯೂತನಾ ಹೋಗಂಗಿಲ್ಲ ಬಿಡಪಾ" ಎನ್ನುತ್ತ ಒಳಗೆ ಬಂದ.

ಡಾಕ್ಟರ ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು. ಪಿಎಸ್‌ಎ ಏರಿತ್ತು. ಸೂಜಿಯಿಂದ ಚೂರು ತೆಗೆದು ನೋಡಿದಾಗ ಕ್ಯಾನ್ಸರ್ ಎಂದು ಖಾತ್ರಿಯಾಯಿತು. ಅದು ಗ್ರಂಥಿ ದಾಟಿ ಹೋಗಿರಲಿಲ್ಲ. ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು, ಏಳು ವಾರ ವಿಕಿರಣದ ಕರೆಂಟು ಕೊಟ್ಟರು.

"ಇಂಜೆಕ್ಷನ್ನಿಗೆ ಒಮ್ಮಿಂದೊಮ್ಮೆಲೆ ಮೈ ಕುದೀತೈತೋ. ನಮ್ಮಾಕಿ ನಗತಾಳ, 'ಮುಟ್ಟು ನಿಲ್ಲೂ ಮುಂದ ನನಗ ಹಿಂಗಾದಾಗ ಫ್ಯಾನ್ ಬಂದ್ ಮಾಡತಿದ್ರಲ್ಲ' ಅಂತ" ಎಂದು ಮೌಲಾಸಾಬ ಶೇಖಪ್ಪನಿಗೆ ಹೇಳುತ್ತಿದ್ದ.

ಅವನು ನಿವೃತ್ತನಾದ ದಿನ ಶೇಖಪ್ಪ ನನ್ನನ್ನು ಅವನ ಕೊರಳಿಗೆ ಹಾಕಿದ. ಈಗ ಅವನ ಮನೆಯ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿದ್ದೇನೆ. ಹಿತ್ತಾಳೆ ಕಪ್ಪಾಗಿದೆ, ಗುಂಡು ಸವೆದು ದನಿ ಒಡೆದಿದೆ. ಆದರೆ ಸುಳ್ಳು ಹೇಳುವ ಕೆಲಸ ತಪ್ಪಿದೆ. ಪಿಎಸ್‌ಎ ರಿಪೋರ್ಟು ಬಂದಾಗಲೆಲ್ಲ ಮೌಲಾಸಾಬ ಫೋನು ಹಚ್ಚಿ, ಶೇಖಪ್ಪನಿಗೆ ಬಾಯಿಂದ ಏನೂ ಹೇಳದೆ ನನ್ನನ್ನೇ ಊದುತ್ತಾನೆ. ಎರಡು ಸಲವೆಂದರೆ ಎಲ್ಲ ಸರಿಯಿದೆ, ಗಾಡಿ ಹೊರಡಲಿ ಎಂದರ್ಥ.

ಮೊನ್ನೆ ಒಂದು ಸಲ ಊದಿ ಸುಮ್ಮನಾದ. ನನ್ನೊಳಗಿನ ಗುಂಡು ನಿಂತಲ್ಲೇ ನಿಂತಿತು.

ಮುದುಕ ಕೆಮ್ಮಿ ಗಂಟಲು ಸರಿಮಾಡಿಕೊಂಡು ಎರಡನೆಯದನ್ನು ಊದಿದ.