ಹಲಗೆಯಾಚೆ ಅಪ್ಪ, ಈಚೆ ಅತ್ತೆ

೧

ಎಲ್ಲಿಂದ ಶುರು ಮಾಡಲಿ, ಓದುವವರೇ? ಹಿಮದಿಂದ ಶುರು ಮಾಡಿದರೆ ಚಂದದ ಕಥೆ ಎಂದುಕೊಳ್ಳುತ್ತೀರಿ. ಹಡಗಿನಿಂದ ಶುರು ಮಾಡಿದರೆ ಪ್ರವಾಸ ಕಥನವೆಂದು ಪುಟ ಮಗುಚುತ್ತೀರಿ. ನಮ್ಮ ಮನೆಯವರಿಂದಲೇ ಶುರು ಮಾಡೋಣವೆಂದರೆ, ಎಲ್ಲರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಡಗು ಹೋಗಿ ವಾಪಸು ಬಂದಿರುತ್ತದೆ.

ನಮ್ಮಜ್ಜಿ ಟೋಂಗಾ ದ್ವೀಪದಲ್ಲಿ ಚಾಪೆ ಹೆಣೆಯುತ್ತ ಕಥೆ ಹೇಳುವಾಗ ಮೊದಲು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಆಮೇಲೆ ಕೂತವರಲ್ಲಿ ಯಾರು ದೊಡ್ಡವರೋ ಅವರ ಅಪ್ಪಣೆ ಕೇಳುತ್ತಿದ್ದಳು. ಕಥೆ ಮುಗಿದಾಗ ಆಮೆನ್ ಎನ್ನುತ್ತಿದ್ದಳು. ನಾನೂ ಹಾಗೇ ಅಪ್ಪಣೆ ಕೇಳಿದೆ. ಅದೇ ತಪ್ಪಾಯಿತು. ಇಲ್ಲಿ ಕೂತವರಲ್ಲಿ ದೊಡ್ಡವರು ನನ್ನ ಸೋದರತ್ತೆ ಕಲೊಲೈನೆ.

"ಬರಿ, ಬೇಡ ಅನ್ನಲ್ಲ," ಎಂದರು ಅತ್ತೆ. "ಬರೆದಷ್ಟೂ ನಂಗೆ ಓದಿ ಹೇಳ್ಬೇಕು. ಸುಳ್ಳು ಕಂಡ್ರೆ ಹೊಡೆದು ಹಾಕ್ತೀನಿ."

(ಕಥೆಯೆಂದರೆ ಸುಳ್ಳೇ ಅಲ್ಲವೇ ಅತ್ತೆ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಟೋಂಗಾದವರಲ್ಲಿ ಅಪ್ಪನ ಅಕ್ಕನಿಗೆ ಎದುರು ಮಾತಾಡುವ ಲೇಖಕಿ ಇನ್ನೂ ಹುಟ್ಟಿಲ್ಲ.)

ಇಲ್ಲಿ ಅಂದರೆ ಎಲ್ಲಿ ಎಂದು ಹೇಳಲು ಮರೆತೆ. ಆಕ್ಲೆಂಡಿನ ದಕ್ಷಿಣಕ್ಕಿರುವ ಒಂದು ಆಸ್ಪತ್ರೆಯ ಕಾರಿಡಾರು. ಬಾಗಿಲ ಆಚೆ ನನ್ನ ಅಪ್ಪ ಫಿಲಿಮೊನೆಯ ಗಂಟಲಿನಿಂದ ದನಿಪೆಟ್ಟಿಗೆಯನ್ನು ತೆಗೆಯುತ್ತಿದ್ದಾರೆ. ಅದರಲ್ಲಿ ಗಡ್ಡೆಯಿದೆ. ಜೀವ ಉಳಿಯಬಹುದು ಎಂದಿದ್ದಾರೆ. ದನಿ ಉಳಿಯುವುದಿಲ್ಲ ಎಂದಿದ್ದಾರೆ. ಅಪ್ಪ ಮಾಂಗೆರೆ ಬಡಾವಣೆಯ ನಮ್ಮ ಚರ್ಚ್ ಸಭೆಯ ಬೋಧಕ. ಅವನ ಬಳಿ ಆಸ್ತಿ ಅಂತ ಇದ್ದದ್ದು ಆ ದನಿಯೊಂದೇ.

೨

"ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ, ಜುಲೈ ತಿಂಗಳ ಚಳಿಗಾಲದಲ್ಲಿ, ಫಿಯೋರ್ಡ್‌ಲ್ಯಾಂಡಿನ ಕಡಿದಾದ ಬೆಟ್ಟಗಳು ಬಿಳಿಯ ಶಾಲು ಹೊದ್ದು, ಕಪ್ಪು ನೀರಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದವು."

(ಹೊಡೆದು ಹಾಕಿದೆ. ಅತ್ತೆಯಲ್ಲ, ನಾನೇ. ಹಡಗು ಹತ್ತಿದ ಆ ಹೊತ್ತಿಗೆ ಬೆಟ್ಟದ ಕಡೆ ನಮ್ಮವರು ಒಬ್ಬರಾದರೂ ನೋಡುತ್ತಿರಲಿಲ್ಲ. ಅತ್ತೆಯ ಮಗ ಮಾನಾಸೆ ತಂದಿದ್ದ ಐಸ್‌ಬಾಕ್ಸ್ ಬಸ್ಸಿನಲ್ಲೇ ಉಳಿಯಿತೆಂದು ಎಲ್ಲರೂ ಗೋಳಾಡುತ್ತಿದ್ದರು. ಅದರಲ್ಲಿ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಸೇರಿಸಿ ಕಟ್ಟಿ ಬೇಯಿಸಿದ ಲು ಇತ್ತು. ಹಡಗಿನಲ್ಲಿ ಊಟ ಕೊಡುತ್ತಾರೆ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೆ. "ಅದು ಊಟ, ಇದು ಲು" ಎಂದ ಮಾನಾಸೆ.)

೩

ಈ ಪ್ರವಾಸ ನನ್ನ ಯೋಚನೆಯಲ್ಲ, ದಯವಿಟ್ಟು ಬರೆದಿಟ್ಟುಕೊಳ್ಳಿ. ಅಪ್ಪನದು. ದೇವರ ಕ್ಷಮೆಯನ್ನು ಹಿಮಕ್ಕೆ ಹೋಲಿಸಿ ಜೀವಮಾನವಿಡೀ ಬೋಧಿಸುತ್ತ ಬಂದವನು ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ದನಿ ಹೋಗುವ ಮುಂಚೆ ನಿಜವಾದದ್ದನ್ನು ನೋಡಬೇಕು ಎಂದ. ನೋಡು ಅಪ್ಪ, ನೀನೂ ನಾನೂ ಹೋಗಿ ಬರೋಣ ಎಂದೆ. ಅವನು ನನ್ನನ್ನು ಮರುಕದಿಂದ ನೋಡಿದ. ನಮ್ಮಲ್ಲಿ ಇಬ್ಬರೇ ಹೋಗುವುದಕ್ಕೆ ಪ್ರವಾಸ ಅನ್ನುವುದಿಲ್ಲ, ಓಡಿಹೋಗುವುದು ಅನ್ನುತ್ತಾರೆ.

ಹಾಗಾಗಿ ಎಲ್ಲರೂ ಬಂದರು. ಚಿಕ್ಕಪ್ಪಂದಿರು, ಅವರ ಮಕ್ಕಳು, ಮಕ್ಕಳ ಮಕ್ಕಳು, ಯಾರ ಮಕ್ಕಳೆಂದು ನನಗಿನ್ನೂ ತಿಳಿಯದ ಮಕ್ಕಳು. (ಹೆದರಬೇಡಿ. ನೀವು ನೆನಪಿಡಬೇಕಾದ್ದು ಅಪ್ಪ, ಅತ್ತೆ, ಮಾನಾಸೆ, ನನ್ನ ತಂಗಿ ಸೆಲು, ಇಷ್ಟೇ. ಉಳಿದವರು ಗದ್ದಲಕ್ಕೆ.) ಬೆಚ್ಚನೆಯ ಬಟ್ಟೆ ತನ್ನಿ ಎಂದಿದ್ದೆ. ಹಿರಿಯರೆಲ್ಲ ಹವಾಯಿ ಚಪ್ಪಲಿಗೆ ಕಾಲುಚೀಲ ಹಾಕಿಕೊಂಡು ಬಂದರು. ಅತ್ತೆ ದಪ್ಪ ಜಾಕೆಟ್ಟಿನ ಮೇಲೆ ಸೊಂಟಕ್ಕೆ ತಾಒವಾಲ ಕಟ್ಟಿದ್ದರು. ಅದು ಚರ್ಚಿಗೂ ಸಾವಿಗೂ ಕಟ್ಟುವ ಹೆಣೆದ ಚಾಪೆ. ಹಡಗಿನ ಉಸ್ತುವಾರಿ ನೋಡುವ ಬ್ರಾನ್ವಿನ್ ಲೈಫ್ ಜಾಕೆಟ್ ತಂದಾಗ ಚಾಪೆ ಮೇಲಿರಬೇಕೋ ಲೈಫ್ ಜಾಕೆಟ್ ಮೇಲಿರಬೇಕೋ ಎಂಬ ಚರ್ಚೆ ಎದ್ದಿತು. ಸಮುದ್ರ ಕಾಯಿತು. ಚಾಪೆ ಗೆದ್ದಿತು.

ಹಿಮ ನೋಡುವುದು ಅಪ್ಪನ ಬಾಯಿಯ ಮಾತು. ಮನಸ್ಸಿನ ಮಾತನ್ನು ಹೊರಡುವ ಹಿಂದಿನ ದಿನ ನನಗೊಬ್ಬಳಿಗೇ ಹೇಳಿದ್ದ, ಆ ಸವೆದ ದನಿಯಲ್ಲಿ.

"ಅಕ್ಕ ನನ್ನ ಪ್ರಾರ್ಥನೆ ಒಂದ್ಸಲಾನೂ ಕೇಳಿಲ್ಲ, ಲೂಸೆಯಾನೆ. ಅವರ ಬಾಯಿಂದ ಒಂದು ಆಮೆನ್ ಬಂದ್ರೆ ಸಾಕು. ಆಮೇಲೆ ಡಾಕ್ಟರು ಏನು ಬೇಕಾದ್ರೂ ಕುಯ್ಕೊಳ್ಳಲಿ."

"ಹಂಗಾದ್ರೆ ಕೇಳಪ್ಪ, ಹೋಗಿ."

"ಕೇಳೋ ಹಂಗಿದ್ರೆ ನಿಂಗ್ಯಾಕೆ ಹೇಳ್ತಿದ್ದೆ?"

ನಮ್ಮಲ್ಲಿ ಹರೆಯ ಬಂದ ಮೇಲೆ ಅಕ್ಕ ತಮ್ಮ ಒಂದು ಕೋಣೆಯಲ್ಲಿ ಕೂರುವುದಿಲ್ಲ, ನಗೆಯಾಡುವುದಿಲ್ಲ, ಒಬ್ಬರ ಹಾಸಿಗೆಯತ್ತ ಇನ್ನೊಬ್ಬರು ಸುಳಿಯುವುದಿಲ್ಲ. ಜಗಳವಲ್ಲ, ಗೌರವ. ಅಕ್ಕ ಉಣ್ಣದೆ ತಮ್ಮ ಉಣ್ಣುವುದಿಲ್ಲ. ಸಾಲದ್ದಕ್ಕೆ ಮದುವೆಯಾದ ಮೇಲೆ ಅತ್ತೆಯ ಸಭೆಯೇ ಬೇರೆ, ಚರ್ಚೇ ಬೇರೆ. ತಮ್ಮ ಬೋಧಕನಾದದ್ದನ್ನು ಅವರು ಊರವರ ಬಾಯಿಂದ ಕೇಳಿದ್ದಾರೆಯೇ ಹೊರತು ತಮ್ಮನ ಬಾಯಿಂದ ಕೇಳಿಲ್ಲ.

ಇಂಥ ಇಬ್ಬರನ್ನು ನಾನು ಒಂದೇ ಹಡಗಿಗೆ ಹತ್ತಿಸಿದೆ. ದೇವರು ನನಗೆ ಬುದ್ಧಿ ಕೊಡುವಾಗ ಬೇರೆ ಯಾರೋ ಸಾಲಿನಲ್ಲಿ ಮುಂದೆ ನುಗ್ಗಿರಬೇಕು.

೪

(ಈ ಭಾಗದಲ್ಲಿ ಹಡಗಿನ ಊಟದ ಮನೆಯನ್ನು ಹಾಸ್ಯವಾಗಿ ವರ್ಣಿಸಿದ್ದೆ. ಅತ್ತೆ ಕೇಳಿ, ನಮ್ಮನ್ನ ನೋಡಿ ಜನ ನಗ್ಲಿ ಅಂತ ಬರೀತಿದ್ದೀಯಾ ಎಂದರು. ಚಿಕ್ಕದು ಮಾಡಿದ್ದೇನೆ.)

ಸೂಪು ಬಂತು. ಅಪ್ಪ ಒಳಗೆ ಕೂತಿದ್ದ, ಆದ್ದರಿಂದ ಅತ್ತೆ ಬರಲಿಲ್ಲ. ಅತ್ತೆ ಉಂಡಿರಲಿಲ್ಲ, ಆದ್ದರಿಂದ ಅಪ್ಪ ಉಣ್ಣಲಿಲ್ಲ. ಅವರಿಬ್ಬರೂ ಉಣ್ಣದ್ದರಿಂದ ಯಾರೂ ಚಮಚ ಮುಟ್ಟಲಿಲ್ಲ. ನಾನು ಅಪ್ಪನನ್ನು ಎಡಗಡೆಯ ಮೆಟ್ಟಿಲಿಂದ ಮೇಲಿನ ಡೆಕ್ಕಿಗೆ ಹತ್ತಿಸಿದೆ. ಸೆಲು ಅತ್ತೆಯನ್ನು ಬಲಗಡೆಯಿಂದ ಇಳಿಸಿ ತಂದಳು. ಅತ್ತೆ ಉಂಡು ಹೋದರು. ಅಪ್ಪನನ್ನು ಇಳಿಸಿದೆ. ಮೂರು ಹೊತ್ತೂ ಇದೇ ಮೆರವಣಿಗೆ. ಅಪ್ಪ ಹಿಮ ನೋಡಿದ್ದು ಹೀಗೆ, ಅಕ್ಕನ ಊಟ ಮುಗಿಯಲೆಂದು ಮೇಲೆ ನಡುಗುತ್ತ ನಿಂತಾಗ. ಹೇಗಿದೆಯಪ್ಪ ಎಂದರೆ, ತಣ್ಣಗಿದೆ ಎಂದ. ಇಷ್ಟು ವರ್ಷ ಬೋಧಿಸಿದ್ದು ಇದನ್ನೇ.

ಬ್ರಾನ್ವಿನ್ ಒಮ್ಮೆ ಮೆಲ್ಲಗೆ ನನ್ನನ್ನು ಕೇಳಿದಳು, ಅವರಿಬ್ಬರ ನಡುವೆ ಕೋರ್ಟು ಕೇಸು ಏನಾದರೂ ಇದೆಯೇ ಎಂದು. ಇಲ್ಲ, ತುಂಬಾ ಪ್ರೀತಿ ಇದೆ ಎಂದೆ.

೫

ಈಗ ನಮ್ಮವರು ಮಾತ್ರ ಮಾಡಬಲ್ಲ ಒಂದು ತಪ್ಪಿಗೆ ಬರುತ್ತೇನೆ.

ನಾನು ಅತ್ತೆಗೆ ಮೇಲಿನ ಅಂತಸ್ತಿನ ಮುಂದಿನ ಕೋಣೆ, ಅಪ್ಪನಿಗೆ ಅದೇ ಅಂತಸ್ತಿನ ಹಿಂದಿನ ಕೋಣೆ ಕಾದಿರಿಸಿದ್ದೆ. ನಡುವೆ ಇಡೀ ಹಡಗು. ಸೆಲುಗೆ ಅದು ಸಾಲದೆನಿಸಿತು. ಅತ್ತೆಯಿದ್ದ ಅಂತಸ್ತಿನಲ್ಲೇ ಅಪ್ಪ ಮಲಗುವುದೆಂದರೇನು? ಯಾರಿಗೂ ಹೇಳದೆ ಬ್ರಾನ್ವಿನ್ ಹತ್ತಿರ ಹೋಗಿ ಅಪ್ಪನನ್ನು ಕೆಳಗಿನ ಅಂತಸ್ತಿಗೆ ಹಾಕಿಸಿದಳು. ಅದೇ ಹೊತ್ತಿಗೆ ಮಾನಾಸೆಗೂ ಸಾಲದೆನಿಸಿತು. ಅವನೂ ಯಾರಿಗೂ ಹೇಳದೆ ತನ್ನ ತಾಯಿಯನ್ನು ಕೆಳಗಿನ ಅಂತಸ್ತಿಗೆ ಹಾಕಿಸಿದ. ಕೆಳಗೆ ಖಾಲಿ ಇದ್ದದ್ದು ಎರಡೇ ಕೋಣೆ. ಒಂದರ ಪಕ್ಕ ಒಂದು. ನಡುವೆ ಒಂದು ತೆಳ್ಳನೆಯ ಹಲಗೆ.

ಒಬ್ಬರಿಗೊಬ್ಬರು ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅಂಥದ್ದನ್ನು ಬಾಯಿಬಿಟ್ಟು ಹೇಳುವುದೇ ಅಗೌರವ ಎಂದಳು ಸೆಲು. ಹಾಗಾದರೆ ಮತ್ತೆ ಬದಲಾಯಿಸಿ ಎಂದೆ. ಬದಲಾಯಿಸಬೇಕಾದರೆ ಯಾಕೆ ಎಂದು ಇಬ್ಬರಿಗೂ ಹೇಳಬೇಕಲ್ಲ, ಅದು ಇನ್ನೂ ದೊಡ್ಡ ಅಗೌರವ ಎಂದ ಮಾನಾಸೆ. ಕೊನೆಗೆ ಎಲ್ಲರೂ ಸೇರಿ ಆ ಹಲಗೆ ಕಲ್ಲಿನ ಗೋಡೆ ಎಂದು ತೀರ್ಮಾನಿಸಿದರು. ನಾನು ಅತ್ತೆಯ ಜೊತೆ ಮಲಗಬೇಕಿತ್ತು. ಕಲ್ಲಿನ ಗೋಡೆ ಅಪ್ಪನ ಕೆಮ್ಮನ್ನೆಲ್ಲ ಇತ್ತ ದಾಟಿಸುತ್ತಿತ್ತು. ಅತ್ತೆ ಒಂದೊಂದು ಕೆಮ್ಮಿಗೂ ಒಂದೊಂದು ಬೆರಳು ಮಡಚಿ ಎಣಿಸುತ್ತಿದ್ದರು, ಏನೂ ಕೇಳಿಸಿಲ್ಲ ಎಂಬ ಮುಖ ಹೊತ್ತು.

೬. ಮುಕ್ತಾಯ, ಒಂದನೆಯದು

ಅಲ್ಲಿನ ಪದ್ಧತಿಯೊಂದಿದೆ. ಬೆಟ್ಟಗಳ ಸಂದಿಯಲ್ಲಿ ಹಡಗಿನ ಇಂಜಿನ್ ನಿಲ್ಲಿಸಿ, ಎಲ್ಲರೂ ಸುಮ್ಮನಿರಿ ಎನ್ನುತ್ತಾರೆ. ಹಾಗೆ ನಿಲ್ಲಿಸಿದಾಗ ಅಪ್ಪ ಹಡಗಿನ ಮೂತಿಯಲ್ಲಿ ನಿಂತಿದ್ದ. ಅತ್ತೆ ಹಿಂಬದಿಯಲ್ಲಿ. ಆ ಮೌನದಲ್ಲಿ ಅಪ್ಪ ಬಾಲ್ಯದ ಸ್ತುತಿಯೊಂದನ್ನು ಎತ್ತಿದ. ಬೆಟ್ಟ ಅದನ್ನು ಮರಳಿಸಿತು. ಹಿಂಬದಿಯಿಂದ ಅತ್ತೆಯ ದನಿ ಬೆಟ್ಟಕ್ಕೆ ತಾಗಿ ಅಪ್ಪನನ್ನು ಕೂಡಿಕೊಂಡಿತು.

"ನಾನ್ಯಾವಾಗ ಹಾಡ್ದೆ?" ಎಂದರು ಅತ್ತೆ. "ನಂಗೆ ನೆಗಡಿ ಆಗಿತ್ತು. ಸೀನಿದೆ."

(ನಿಜ. ಬೆಟ್ಟ ಮರಳಿಸಿದ್ದು ಸೀನನ್ನು. ಅದಕ್ಕೂ ಮೊದಲು ನಮ್ಮ ಮಕ್ಕಳ ಕಿಸಿಕಿಸಿಯನ್ನು. ಫಿಯೋರ್ಡ್‌ಲ್ಯಾಂಡಿಗೆ ಮನುಷ್ಯರು ಬಂದಾಗಿನಿಂದ ಅಲ್ಲಿ ಇಷ್ಟು ಸದ್ದಿನ ಮೌನ ಆಗಿರಲಾರದು.)

ಮುಕ್ತಾಯ, ಎರಡನೆಯದು

ಅತ್ತೆ ಎದ್ದು, ಕಟ್ಟಳೆಯನ್ನೆಲ್ಲ ಒಂದು ಕ್ಷಣ ಪಕ್ಕಕ್ಕಿಟ್ಟು, ತಮ್ಮನ ಕೋಣೆಯ ಬಾಗಿಲು ತಳ್ಳಿ ಅವನ ಕೈ ಹಿಡಿದರು.

ಇದನ್ನು ಓದುವಾಗ ಅತ್ತೆಯ ಮುಖ ನೋಡಬಾರದಿತ್ತು. "ಕಾಗದದ ಮೇಲಾದ್ರೂ ನನ್ ತಮ್ಮನ ಮರ್ಯಾದೆ ಉಳಿಸು," ಎಂದು ಅವರೇ ಗೀಚಿ ಅಳಿಸಿದರು. ಪೆನ್ನು ಕಾಗದ ಹರಿದು ಆಚೆ ಬಂತು.

ಎರಡನೆಯದರ ನಂತರದ್ದು, ನಡೆದದ್ದು

ಕೊನೆಯ ಸಂಜೆ. ಹಡಗು ಲಂಗರು ಹಾಕಿತ್ತು. ಕಾರಿಡಾರಿನಲ್ಲಿ ಮಕ್ಕಳು ತಟ್ಟೆ ಹಿಡಿದು ನಿಂತಿದ್ದರು. ಹಲಗೆಯಾಚೆ ಅಪ್ಪ ಊಟದ ಮುಂಚಿನ ಪ್ರಾರ್ಥನೆ ಶುರು ಮಾಡಿದ. ಯಾವತ್ತಿಗಿಂತ ಗಟ್ಟಿಯಾಗಿ. ಹಲಗೆ ಹಲಗೆಯೇ ಎಂದು ಅವನಿಗೆ ಗೊತ್ತಿತ್ತು. ಹಿಮಕ್ಕಾಗಿ ವಂದಿಸಿದ. ಇಂಜಿನ್ನಿಗಾಗಿ, ಬ್ರಾನ್ವಿನ್‌ಗಾಗಿ, ಬಸ್ಸಿನಲ್ಲಿ ಉಳಿದ ಲುಗಾಗಿಯೂ ವಂದಿಸಿದ. ಆಮೇಲೆ ಹೆಸರುಗಳು. ನಮ್ಮ ಕುಟುಂಬದ ಒಂದೊಂದು ಹೆಸರು. (ಅಪ್ಪಾ, ಸೂಪು ಆರುತ್ತಿದೆ, ಎಂದು ನಾನು ಹಲ್ಲು ಕಡಿಯುತ್ತಿದ್ದೆ. ದೇವರು ಕ್ಷಮಿಸಲಿ.) ದನಿ ಒಡೆಯುತ್ತ ಒಡೆಯುತ್ತ ಬಂತು. ಕಟ್ಟಕಡೆಗೆ, "ನನ್ನ ಅಕ್ಕ ಕಲೊಲೈನೆಯನ್ನು ಕಾಪಾಡು, ತಂದೆಯೇ" ಎಂದ.

ಅಲ್ಲಿ ನಿಲ್ಲಿಸಿದ. ಆಮೆನ್ ಎನ್ನಲಿಲ್ಲ. ಜಾಗ ಬಿಟ್ಟು ಕಾದ.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಅಂಗೈಯನ್ನು ಹಲಗೆಗೆ ಒತ್ತಿ ಕೂತಿದ್ದರು. ತುಟಿ ಬಿಗಿದಿತ್ತು. ಒಂದು ಪದ, ಅತ್ತೆ, ಎಂದು ಕಣ್ಣಲ್ಲೇ ಬೇಡಿದೆ. ಹಲಗೆಯಾಚೆ ಅಪ್ಪನ ಉಸಿರು ಕೇಳುತ್ತಿತ್ತು. ಅತ್ತೆ ಕೈ ತೆಗೆದರು, ಎದ್ದರು, ಚಾಪೆ ಸರಿಮಾಡಿ ಕಟ್ಟಿಕೊಂಡರು, ಹೊರಗೆ ಹೋಗಿ ಮಾನಾಸೆಗೆ, ಮಕ್ಕಳು ಹಸಿದಿವೆ, ಊಟಕ್ಕೆ ಬೇರೆ ಚಿಕ್ಕ ಪ್ರಾರ್ಥನೆ ಹೇಳು ಎಂದರು. ಉಂಡು ಬಂದು ಗೋಡೆಗೆ ಮುಖ ಮಾಡಿ ಮಲಗಿದರು.

ಅಂದಿನಿಂದ ಇವತ್ತು ಬೆಳಗಿನವರೆಗೂ ನಾನು ಅತ್ತೆಯೊಡನೆ ಮಾತಾಡಿರಲಿಲ್ಲ. ಇಷ್ಟೆಲ್ಲ ನಡಿಗೆ, ಚಳಿ, ಮೆಟ್ಟಿಲು, ಆರಿದ ಸೂಪು, ಒಂದು ಪದಕ್ಕಾಗಿ. ಅದನ್ನೂ ಕೊಡಲಿಲ್ಲ. ಕಥೆ ಬರೆಯಲು ಕೂತದ್ದೂ ಅದಕ್ಕೇ, ಕಥೆಯಲ್ಲಾದರೂ ಅವರ ಬಾಯಿಂದ ಹೇಳಿಸೋಣವೆಂದು.

೭

ಅದನ್ನೂ ಓದಿ ಹೇಳಿದೆ. ಅತ್ತೆ ಆಪರೇಷನ್ ಬಾಗಿಲ ಕಡೆ ನೋಡಿದರು.

"ನಿಂಗೆ ಸಿಟ್ಟು ಬಂದಿದ್ದು ಗೊತ್ತು," ಎಂದರು. "ಅಲ್ವೇ ಹುಡುಗಿ, ಆಮೆನ್ ಅಂದ್ರೆ ಏನು? ಮುಗೀತು ಅಂತ. ನಾನ್ಯಾಕೆ ಮುಗಿಸ್ಲಿ? ಚಿಕ್ಕಂದಿನಿಂದ್ಲೂ ಅವನು ಅರ್ಧ ಆದ ಕೆಲಸ ಬಿಟ್ಟು ಮಲಗಿದೋನಲ್ಲ. ಬಲೆ ಅರ್ಧ ಹೆಣೆದಿದ್ರೆ ಜ್ವರದಲ್ಲೂ ಎದ್ದು ಕೂರೋನು. ಪ್ರಾರ್ಥನೆ ಅರ್ಧಕ್ಕೆ ಬಿಟ್ಟಿದ್ದೀನಿ. ಎದ್ದು ಬಂದು ಮುಗಿಸ್ಲಿ."

"ದನಿ ಇರಲ್ವಲ್ಲ ಅತ್ತೆ."

"ಅದಕ್ಕೇನೀಗ? ಅವನು ತಲೆ ಆಡಿಸ್ಲಿ. ನಾನು ಹೇಳ್ತೀನಿ."

(ಓದುವವರೇ, ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಹತ್ತಿರ ಇನ್ನೊಂದು ಮಾತು ಉಳಿದಿದೆ. ಸಿಟ್ಟಿನಲ್ಲಿ ಅತ್ತೆಗೆ ತಲುಪಿಸದೆ ಇಟ್ಟುಕೊಂಡಿದ್ದೆ. ಈಗ ತಲುಪಿಸಿದೆ.)

ಬೆಳಿಗ್ಗೆ ಅಪ್ಪನನ್ನು ಆ ಬಾಗಿಲೊಳಗೆ ತಳ್ಳಿಕೊಂಡು ಹೋಗುವಾಗ ನರ್ಸು, ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿ ಎಂದಳು. ಬೋಧಕ, ಜೀವಮಾನದ ಕೊನೆಯ ವಾಕ್ಯ. ನಾನು ಬಗ್ಗಿದೆ. ಅಪ್ಪ ಕೇಳಿದ, "ಅಕ್ಕ ಊಟ ಮಾಡಿದ್ರಾ?"

ಅತ್ತೆ ಇದನ್ನು ಕೇಳಿ ಒಂದು ಬೆರಳು ಮಡಚಿದರು.

ಅವರು ನಿನ್ನೆಯಿಂದ ಉಂಡಿಲ್ಲ. ನೀವೆಲ್ಲ ತಿನ್ನಿ ಎನ್ನುತ್ತಾರೆ. ಯಾರು ತಿನ್ನುತ್ತಾರೆ? ಮಾನಾಸೆ ತಂದ ಲು ಕಿಟಕಿಯ ಕಟ್ಟೆಯ ಮೇಲಿದೆ, ಈ ಸಲ ಬಸ್ಸಿನಲ್ಲಿ ಮರೆತಿಲ್ಲ. ಕಾರಿಡಾರಿನ ಉದ್ದಕ್ಕೂ ನಮ್ಮವರು ಕೂತಿದ್ದಾರೆ, ನಿಂತಿದ್ದಾರೆ, ದಾರಿಗೆ ಅಡ್ಡವಾಗಿದ್ದಾರೆ. ಇಷ್ಟು ಜನ ಯಾಕೆ ಎಂದು ವಾರ್ಡಿನವರು ಆಗಲೇ ಮತ್ತೆ ಮತ್ತೆ ಬಂದು ಕೇಳಿದ್ದಾರೆ.

ಇನ್ನೊಂದು ಸಾಲು ಬರೆದು ಅಜ್ಜಿಯಂತೆ ಕಡೆಯ ಪದ ಹೇಳಿಬಿಡೋಣವೆಂದು ಪೆನ್ನು ಊರಿದೆ. ಅತ್ತೆ ನನ್ನ ಕೈಯ ಮೇಲೆ ಕೈ ಇಟ್ಟರು.

ಬಾಗಿಲ ಹಿಡಿಕೆ ತಿರುಗುತ್ತಿದೆ. ಅತ್ತೆ ಎದ್ದು ಚಾಪೆ ಬಿಗಿ ಮಾಡಿಕೊಳ್ಳುತ್ತಿದ್ದಾರೆ. ಲು ಆರುತ್ತಿದೆ. ಯಾರೂ ಇನ್ನೂ ಉಂಡಿಲ್ಲ